‘ಪ್ಲ್ಯಾನ್ ಛಲೋ ಇತ್ತು’ ಎನ್ನುವ ಸುಳ್ಳು

ಸೋತವರನ್ನು ಸಮಾಧಾನ ಮಾಡಲು ನಮ್ಮ ಕಡೆ ಒಂದು ಮಾತಿದೆ. “ಪ್ಲ್ಯಾನ್ ಛಲೋ ಇತ್ತು, ಒಂದ ನಡಿ ತಪ್ಪಿತಷ್ಟ.” ಚದುರಂಗದ ಹಲಗೆಯ ಸುತ್ತ ನಿಂತವರು ಇದನ್ನು ಹೇಳುತ್ತಾರೆ. ಚುನಾವಣೆ ಸೋತವರ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಹೇಳುತ್ತಾರೆ. ಬೆಳೆ ಕೈಕೊಟ್ಟ ರೈತನಿಗೂ ಹೇಳುತ್ತಾರೆ. ಕೇಳಲು ಹಿತವಾದ ಮಾತು. ಆದರೆ ಇದು ಸುಳ್ಳು, ಅದರಲ್ಲೂ ಕಲಿಯುವ ಮಕ್ಕಳಿಗೆ ಹೇಳಬಾರದ ಸುಳ್ಳು. ಇದರ ಜೊತೆಗೆ ಹುಟ್ಟಿದ ಇನ್ನೊಂದು ಸುಳ್ಳೂ ಇದೆ. ಅದನ್ನು ಕೇಳಿದ ದಿನದಿಂದ ನನ್ನ ಸಿಟ್ಟು ಇಳಿದಿಲ್ಲ. ಆ ದಿನದ ಕತೆಯಿಂದಲೇ ಶುರು ಮಾಡುತ್ತೇನೆ.

ನನ್ನೂರು ಕನಮಡಿ. ತಿಕೋಟಾ ತಾಲೂಕಿನ ಪಡುವಣ ಅಂಚು, ಆಚೆ ಮಹಾರಾಷ್ಟ್ರದ ಜತ್ತ. ಭಾನುವಾರ ನಮ್ಮ ಪಡಸಾಲೆಯಲ್ಲಿ ನಾಲ್ಕು ಹಲಗೆ ಹಾಸಿ ಊರಿನ ಮಕ್ಕಳಿಗೆ ಚದುರಂಗ ಆಡಿಸುತ್ತೇನೆ. ನಾನೇನೂ ದೊಡ್ಡ ಆಟಗಾರನಲ್ಲ. ಸೋಲುವುದರಲ್ಲಿ ಅನುಭವ ಇದೆ, ಅಷ್ಟೇ. ಹೋದ ವರ್ಷ ಈ ಮಕ್ಕಳಲ್ಲಿ ಐವರನ್ನು ನಗರದ ಒಂದು ಟೂರ್ನಿಗೆ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ ನಾಲ್ಕನೇ ಸುತ್ತಿನಲ್ಲಿ ಬಿಳಿ ಕಾಯಿ ಹಿಡಿದಳು. ಡಿ4 ಆಡಿದಳು. ಇಂಗ್ಲಿಷಿನವರು ರಾಣಿ ಎನ್ನುವುದನ್ನು ನಾವು ವಜೀರ ಅಥವಾ ಮಂತ್ರಿ ಎನ್ನುತ್ತೇವೆ. ಆ ವಜೀರನ ಮುಂದಿನ ಪ್ಯಾದೆಯನ್ನು ಎರಡು ಮನೆ ಮುಂದಿಡುವುದೇ ಡಿ4.

ಅವಳ ಆಟ ನೋಡಿ ನನಗೆ ಖುಷಿಯಾಯಿತು. ಸಿ4ರ ಪ್ಯಾದೆಯನ್ನು ಸಿ5ಕ್ಕೆ ನೂಕಿದಳು, ಬಿ4 ಆಡಿದಳು, ಎ4 ಆಡಿದಳು. ವಜೀರನ ಬದಿಯ ಜಾಗವೆಲ್ಲ ಅವಳದಾಯಿತು. ಮುಂದೆ ಬಿ5 ನೂಕಿ ಎದುರಾಳಿಯ ಪ್ಯಾದೆಗಳ ಬೇಲಿ ಒಡೆಯಬೇಕು. ಅದಕ್ಕೆ ಬಲವಾಗಿ ಎಫ್3 ಮನೆಯ ಕುದುರೆಯನ್ನು ಡಿ2ಕ್ಕೆ ತಂದಳು. ಅಲ್ಲಿಂದ ಬಿ3, ಬಿ3ದಿಂದ ಎ5. ಹಂಚಿಕೆ ಸ್ಪಷ್ಟವಾಗಿತ್ತು, ಪುಸ್ತಕದಲ್ಲಿ ಬರೆಯುವಷ್ಟು ಸ್ಪಷ್ಟವಾಗಿತ್ತು.

ಕುದುರೆ ಬಿ3ಕ್ಕೆ ಹೋದ ಮರುನಡೆಗೆ ಎದುರಿನ ಹುಡುಗನ ಒಂಟೆ ಸಿ7ರಿಂದ ಹಾರಿ ಎಚ್2 ಪ್ಯಾದೆಯನ್ನು ತಿಂದು ಶಹ ಕೊಟ್ಟಿತು. ರಾಜ ಒಂಟೆಯನ್ನು ತಿಂದ. ಕಪ್ಪು ಕುದುರೆ ಜಿ4ಕ್ಕೆ ಬಂದು ಮತ್ತೆ ಶಹ. ರಾಜ ಜಿ1ಕ್ಕೆ ಸರಿದ. ಕಪ್ಪು ವಜೀರ ಎಚ್4ಕ್ಕೆ ಬಂದು ನಿಂತ. ಹುಡುಗಿ ಆನೆಯನ್ನು ಸರಿಸಿ ರಾಜನಿಗೆ ದಾರಿ ಮಾಡಿಕೊಟ್ಟಳು. ಐದಾರು ನಡೆಯಲ್ಲಿ ಎಲ್ಲ ಮುಗಿಯಿತು. ಅವಳ ಬಿ ಪ್ಯಾದೆ ಇನ್ನೂ ಬಿ4ರಲ್ಲೇ ಇತ್ತು.

ಹೊರಗೆ ಬಂದಾಗ ಅಲ್ಲಿದ್ದ ತರಬೇತುದಾರರೊಬ್ಬರು ಅವಳ ಅಪ್ಪನಿಗೆ ಹೇಳಿದರು: “ಹಳ್ಳಿ ಹುಡುಗರಿಗೆ ಪ್ಲ್ಯಾನಿಂಗ್ ಬರೂದಿಲ್ಲರೀ. ಸುಮ್ಮ ಒಂದೊಂದ ನಡಿ ಆಡ್ತಾರ. ನಮ್ಮ ಕ್ಲಾಸಿಗೆ ಹಚ್ಚರಿ, ಸ್ಟ್ರ್ಯಾಟಜಿ ಕಲಿಸ್ತೀವಿ.” ಅವಳು ಬರೆದಿದ್ದ ನಡೆಗಳ ಹಾಳೆ ನನ್ನ ಕೈಯಲ್ಲೇ ಇತ್ತು. ಅವರು ಅದನ್ನು ಕೇಳಿ ನೋಡಲಿಲ್ಲ.

ಇವೇ ಆ ಎರಡು ಸುಳ್ಳು. ಒಂದು, ಪ್ಲ್ಯಾನ್ ಛಲೋ ಇತ್ತು, ನಡೆ ತಪ್ಪಿತು ಎನ್ನುವುದು. ಎರಡು, ಸೋತವರಿಗೆ ಪ್ಲ್ಯಾನೇ ಬರುವುದಿಲ್ಲ ಎನ್ನುವುದು. ಮೊದಲನೆಯದನ್ನು ನಮ್ಮವರು ಸೋತಾಗ ಹೇಳುತ್ತೇವೆ, ಎರಡನೆಯದನ್ನು ಬೇರೆಯವರು ಸೋತಾಗ. ಎರಡರ ಬುಡದಲ್ಲೂ ಇರುವುದು ಒಂದೇ ನಂಬಿಕೆ. ಯೋಜನೆ ದೊಡ್ಡವರ ಕೆಲಸ, ಮುಂದಿನ ಒಂದು ನಡೆ ನೋಡುವುದು ಸಣ್ಣ ಕೆಲಸ, ಎರಡೂ ಬೇರೆ ಬೇರೆ ಎಂಬ ನಂಬಿಕೆ.

ಈ ನಂಬಿಕೆಗೆ ನಮ್ಮ ಬರಹದ ಕನ್ನಡವೂ ಒಂದಿಷ್ಟು ನೀರು ಹಾಕಿದೆ. ಸ್ಟ್ರ್ಯಾಟಜಿ ಎಂದರೆ ತಂತ್ರ, ಟ್ಯಾಕ್ಟಿಕ್ಸ್ ಎಂದರೂ ತಂತ್ರ. ಬೇರೆ ಮಾಡಬೇಕೆಂದಾಗ ಒಂದಕ್ಕೆ ಕಾರ್ಯ ಎಂದೋ ರಣ ಎಂದೋ ಸೇರಿಸುತ್ತೇವೆ. ಟಿ.ವಿ.ಯವರಿಗಂತೂ ಪಕ್ಷ ಬದಲಿಸಿದವರೆಲ್ಲ ಚಾಣಕ್ಯರೇ, ಅವರು ಮಾಡಿದ್ದೆಲ್ಲ ‘ಚದುರಂಗದಾಟ’ವೇ. ಆ ಆಟದಲ್ಲಿ ಯಾವ ನಡೆಗೆ ಏನು ಹೋಯಿತು ಎಂದು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಊರ ಮಾತು ಇದಕ್ಕಿಂತ ಹರಿತ. ನಾವು ‘ಹಂಚಿಕಿ ಹಾಕೂದು’ ಎನ್ನುತ್ತೇವೆ, ಅದು ಯೋಜನೆ. ಕುಸ್ತಿ ಕಣದಲ್ಲಿ ‘ಡಾವ ಹಾಕೂದು’ ಎನ್ನುತ್ತೇವೆ, ಅದು ಪಟ್ಟು. ಎದುರಿನವನ ಉಸಿರು ಕೆಡಿಸಿ ಕೊನೆಗೆ ಬೀಳಿಸುತ್ತೇನೆ ಎನ್ನುವುದು ಹಂಚಿಕೆ. ಅವನ ಕಾಲು ಒಂದು ಗೇಣು ಆಚೆ ಬಿದ್ದ ಕ್ಷಣ ಹಿಡಿಯುವುದು ಡಾವ. ಹಂಚಿಕೆಯ ಗುಂಗಿನಲ್ಲಿ ತನ್ನ ಕಾಲನ್ನೇ ಒಂದು ಗೇಣು ಆಚೆ ಇಟ್ಟ ಪೈಲ್ವಾನನಿಗೆ ನಮ್ಮೂರ ಮುತ್ಯಾಗಳು ‘ಹಂಚಿಕಿ ಛಲೋ ಇತ್ತು’ ಎಂದದ್ದನ್ನು ನಾನು ಕೇಳಿಲ್ಲ.

ಈಗ ಡಿ4 ವಿಷಯಕ್ಕೆ ಬರುತ್ತೇನೆ. ಹಲವು ತರಬೇತಿಗಳಲ್ಲಿ ಮಕ್ಕಳಿಗೆ ಹೀಗೆ ಹೇಳಿಕೊಡುತ್ತಾರೆ: ಇ4 ಆಡಿದರೆ ಹೊಡೆದಾಟ, ಡಿ4 ಆಡಿದರೆ ಶಾಂತಿ. ಡಿ4 ಯೋಚಿಸುವವರ ಆಟ. ಲಂಡನ್ ಸಿಸ್ಟಮ್ ಕಲಿತುಬಿಡಿ: ಡಿ4, ಒಂಟೆ ಎಫ್4, ಇ3, ಸಿ3, ಕುದುರೆ ಎಫ್3. ಎದುರಿನವರು ಏನೇ ಆಡಲಿ, ನೀವು ಇದನ್ನೇ ಆಡಿ.

‘ಎದುರಿನವರು ಏನೇ ಆಡಲಿ’ ಎನ್ನುವ ಮಾತನ್ನು ಇನ್ನೊಮ್ಮೆ ಓದಿ. ಎದುರಿನವರನ್ನು ನೋಡದೆ ಆಡುವುದನ್ನು ಫೀಸು ತೆಗೆದುಕೊಂಡು ಕಲಿಸುವುದೆಂದರೆ ಇದು. ಲಂಡನ್ ಸಿಸ್ಟಮ್ಮಿನ ಮೇಲೆ ನನಗೆ ದ್ವೇಷವಿಲ್ಲ. ದೊಡ್ಡ ದೊಡ್ಡ ಆಟಗಾರರೂ ಅದನ್ನು ಆಡುತ್ತಾರೆ, ಆದರೆ ಅವರು ಕಣ್ಣು ಬಿಟ್ಟು ಆಡುತ್ತಾರೆ.

ಡಿ4 ಶಾಂತ ಎನ್ನುವವರು ಎಡ್ಗರ್ ಕೋಲ್ ಎಂಬ ಬೆಲ್ಜಿಯಂ ಆಟಗಾರನ ಒಂದು ಆಟ ನೋಡಬೇಕು. 1930ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಓ’ಹ್ಯಾನ್ಲನ್ ವಿರುದ್ಧ ಆಡಿದ್ದು. ಡಿ4, ಕುದುರೆ ಎಫ್3, ಇ3, ಸಿ3, ಒಂಟೆ ಡಿ3. ವಜೀರ ಪ್ಯಾದೆಯ ಆಟಗಳಲ್ಲೇ ಅತ್ಯಂತ ಸಾಧು ಎನಿಸಿಕೊಂಡ ವ್ಯವಸ್ಥೆ ಇದು, ಇಂದಿಗೂ ಅವನ ಹೆಸರಲ್ಲೇ ಇದೆ. ಯೋಜನೆಯೂ ಸರಳ: ಸಿದ್ಧತೆ ಮಾಡಿಕೊಂಡು ಇ4 ನೂಕುವುದು. ಕೋಲ್ ಒಂಬತ್ತನೇ ನಡೆಗೆ ಇ4 ನೂಕಿದ. ಆ ಮನೆಯಲ್ಲಿ ಪ್ಯಾದೆಗಳು, ಕುದುರೆಗಳು ಅದಲುಬದಲಾದವು. ಹಾಗೆ ಹೋದ ಕಾಯಿಗಳಲ್ಲಿ ಎಫ್6 ಮನೆಯ ಕಪ್ಪು ಕುದುರೆಯೂ ಒಂದು. ಹನ್ನೆರಡನೇ ನಡೆಗೆ ಕೋಲ್‌ನ ಒಂಟೆ ಎಚ್7 ಪ್ಯಾದೆಯನ್ನು ತಿಂದು ಶಹ ಕೊಟ್ಟಿತು. ಆ ಮನೆಗೆ ಕಾವಲಿದ್ದದ್ದು ಎಫ್6ರ ಕುದುರೆ. ಅದಿಲ್ಲದೆ ರಾಜ ಬಯಲಿಗೆ ಬಿದ್ದ.

ನಮ್ಮ ಹುಡುಗಿಯ ಆಟದಲ್ಲಿ ನಡೆದದ್ದೂ ಇದೇ, ಹಲಗೆಯನ್ನು ತಿರುಗಿಸಿ ನೋಡಿದರೆ ಸಾಕು. ಎಫ್3ರ ಕುದುರೆ ಎಚ್2, ಜಿ5, ಎಚ್4 ಮನೆಗಳ ಕಾವಲುಗಾರ. ಡಿ2ರಲ್ಲಿ ಇರುವತನಕ ಅದು ಎಫ್3ಕ್ಕೆ ಮರಳಿ ಕಪ್ಪು ವಜೀರನನ್ನು ಓಡಿಸಬಹುದಿತ್ತು. ಬಿ3ಕ್ಕೆ ಹೋದ ಮೇಲೆ ಆಗಲಿಲ್ಲ. ಅದನ್ನು ಬಿ3ಕ್ಕೆ ಕಳಿಸಿದ್ದು ಯಾರು? ಅವಳ ಯೋಜನೆಯೇ. ಬಿ5 ನೂಕಬೇಕು, ಅದಕ್ಕೆ ಕುದುರೆ ಎ5ಕ್ಕೆ ಬೇಕು, ಅದಕ್ಕಾಗಿ ಎಫ್3 ಖಾಲಿ ಆಗಬೇಕು. ತಪ್ಪು ಯೋಜನೆಯ ಹೊರಗಿನಿಂದ ಕಳ್ಳನ ಹಾಗೆ ಬರಲಿಲ್ಲ. ಯೋಜನೆಯೇ ಕಾವಲುಗಾರನ ಕೈ ಹಿಡಿದು ದೂರ ಕರೆದುಕೊಂಡು ಹೋಯಿತು.

ನನ್ನ ವಾದವೆಲ್ಲ ಇಷ್ಟೇ. ಯೋಜನೆ ಒಂದು ಕಾಯಿಯನ್ನು ಒಂದು ಕಡೆ ಕಳಿಸುತ್ತದೆ ಎಂದರೆ ಇನ್ನೊಂದು ಕಡೆಯಿಂದ ಅದನ್ನು ತೆಗೆಯುತ್ತದೆ ಎಂದೇ ಅರ್ಥ. ಕಳಿಸಿದ್ದನ್ನು ಮಾತ್ರ ಲೆಕ್ಕ ಹಿಡಿದು, ತೆಗೆದದ್ದನ್ನು ಲೆಕ್ಕ ಹಿಡಿಯದೆ ಹೋದರೆ ಅದು ಯೋಜನೆಯಲ್ಲ, ಆಸೆ. ಹಾಗಾಗಿ ‘ಪ್ಲ್ಯಾನ್ ಛಲೋ ಇತ್ತು, ನಡಿ ತಪ್ಪಿತು’ ಎನ್ನುವುದು ತಪ್ಪು ವಿಶ್ಲೇಷಣೆ. ಆ ನಡೆ ಆ ಪ್ಲ್ಯಾನಿನದೇ ನಡೆ.

ಇದು ಮಕ್ಕಳ ತಪ್ಪು, ದೊಡ್ಡವರು ಹೀಗೆ ಮಾಡುವುದಿಲ್ಲ ಎನ್ನುವಿರಾ? 2006ರ ನವೆಂಬರ್ 27, ಜರ್ಮನಿಯ ಬಾನ್ ನಗರ. ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಮತ್ತು ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರ್ ನಡುವೆ ಎರಡನೇ ಆಟ. ಅದೂ ಡಿ4 ಆಟವೇ, ಕಪ್ಪು ಕಾಯಿ ಕ್ರಾಮ್ನಿಕ್‌ನದು. ಯೋಜನೆಯ ಆಟಕ್ಕೆ ಅವನಿಗಿಂತ ದೊಡ್ಡ ಹೆಸರು ಆ ಕಾಲದಲ್ಲಿ ಸಿಗುವುದು ಕಷ್ಟ. ವಜೀರರನ್ನು ಅದಲುಬದಲು ಮಾಡಿಕೊಂಡರೆ ವಜೀರನ ಬದಿಯ ಪ್ಯಾದೆಗಳು ಗೆಲ್ಲಿಸುತ್ತವೆ ಎಂಬುದು ಅವನ ಹಂಚಿಕೆ. 34ನೇ ನಡೆಯಲ್ಲಿ ಯಂತ್ರದ ಕುದುರೆ ಎಫ್8ರಲ್ಲಿ ಬಂದು ಕೂತಿತ್ತು. ಕ್ರಾಮ್ನಿಕ್ ಯೋಚಿಸಿ ವಜೀರನನ್ನು ಇ3ಕ್ಕೆ ತಂದ, ‘ಬಾ, ಅದಲುಬದಲು ಮಾಡೋಣ’ ಎನ್ನುವಂತೆ. ಯಂತ್ರ ವಜೀರನನ್ನು ಎಚ್7ಕ್ಕೆ ಇಟ್ಟಿತು. ಮಾತ್. ಒಂದೇ ನಡೆಯ ಮಾತ್. ರಾಜನನ್ನು ಜಿ8ಕ್ಕೆ ಸರಿಸಿದ್ದರೆ ಆಟ ಉಳಿಯುತ್ತಿತ್ತು. ವಜೀರರ ಅದಲುಬದಲು ಎಂಬ ಯೋಜನೆ ಅವನ ಕಣ್ಣು ತುಂಬ ಇತ್ತು, ಎಫ್8ರ ಕುದುರೆ ಎಚ್7ಕ್ಕೆ ಬಲ ಕೊಡುತ್ತಿದೆ ಎಂಬುದಕ್ಕೆ ಜಾಗ ಉಳಿದಿರಲಿಲ್ಲ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಹದಿನಾಲ್ಕನೇ ಆಟವನ್ನು ನೀವೆಲ್ಲ ನೋಡಿದ್ದೀರಿ. ಅದು ಡಿ4ರಿಂದ ಶುರುವಾದ ಆಟವಲ್ಲ, ಆದರೆ ಪಾಠ ಅದೇ. ಡಿಂಗ್ ಲಿರೆನ್‌ನ ಯೋಜನೆ ಕಾಯಿಗಳನ್ನು ಕಡಿಮೆ ಮಾಡಿ ಆಟವನ್ನು ಡ್ರಾ ಮಾಡುವುದು. 55ನೇ ನಡೆಗೆ ಆನೆಯನ್ನು ಎಫ್2ಕ್ಕೆ ಇಟ್ಟು ಆನೆಗಳ ಅದಲುಬದಲಿಗೆ ಕರೆದ. ಅವನ ಒಂಟೆ ಎ8ರ ಮೂಲೆಯಲ್ಲಿತ್ತು. ಆನೆಗಳು ಹೋದ ಮೇಲೆ ಗುಕೇಶ್ ತನ್ನ ಒಂಟೆಯನ್ನು ಡಿ5ಕ್ಕೆ ತಂದು ಒಂಟೆಗಳನ್ನೂ ತೆಗೆಸಿದ. ಉಳಿದ ಪ್ಯಾದೆಗಳ ಆಟ ಗುಕೇಶ್‌ನದು, ಹದಿನೆಂಟನೇ ವಯಸ್ಸಿಗೆ ವಿಶ್ವ ಪಟ್ಟವೂ ಅವನದು. ಡಿಂಗ್ ಯೋಜನೆ ಬಿಟ್ಟು ಆಡಿ ಸೋಲಲಿಲ್ಲ, ಯೋಜನೆಯಂತೆ ಆಡಿ ಸೋತ.

ನನ್ನದೂ ಒಂದು ಸೋಲು ಹೇಳಬೇಕು, ಇಲ್ಲದಿದ್ದರೆ ದೊಡ್ಡವರ ತಪ್ಪು ಎಣಿಸುವವನಾಗುತ್ತೇನೆ. ನಾನು ಕಾಲೇಜಿನಲ್ಲಿದ್ದಾಗ ಬಿಳಿ ಕಾಯಿ ಹಿಡಿದು ಆಡಿದ್ದು: ಡಿ4, ಡಿ5. ಸಿ4, ಇ6. ಕುದುರೆ ಸಿ3, ಕುದುರೆ ಎಫ್6. ಒಂಟೆ ಜಿ5, ಕುದುರೆ ಡಿ7. ಎದುರಾಳಿಯ ಎಫ್6 ಕುದುರೆಯ ಹಿಂದೆ ಅವನ ವಜೀರ ಇದ್ದಾನೆ. ಕುದುರೆ ಕದಲಿದರೆ ನನ್ನ ಒಂಟೆ ವಜೀರನನ್ನು ತಿನ್ನುತ್ತದೆ. ಕುದುರೆಗೆ ಕಟ್ಟು ಬಿದ್ದಿದೆ ಎಂದುಕೊಂಡೆ. ಡಿ5ರಲ್ಲಿ ಪ್ಯಾದೆ ಬದಲಾಯಿಸಿ, ಅಲ್ಲಿನ ಪ್ಯಾದೆಯನ್ನು ಕುದುರೆಯಿಂದ ತಿಂದೆ. ಅವನು ಕಟ್ಟು ಬಿದ್ದ ಅದೇ ಕುದುರೆಯಿಂದ ನನ್ನ ಕುದುರೆಯನ್ನು ತಿಂದ. ನಾನು ಬಾಯಿ ಚಪ್ಪರಿಸಿಕೊಂಡು ಅವನ ವಜೀರನನ್ನು ತಿಂದೆ. ಅವನ ಒಂಟೆ ಬಿ4ಕ್ಕೆ ಬಂದು ಶಹ ಕೊಟ್ಟಿತು. ಅಡ್ಡ ಇಡಲು ನನ್ನ ವಜೀರನೊಬ್ಬನೇ. ಲೆಕ್ಕ ಮುಗಿದಾಗ ಒಂದು ಪ್ಯಾದೆಗೆ ನನ್ನದೊಂದು ಕಾಯಿ ಹೋಗಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಆನೆ ಬಲೆ ಎನ್ನುತ್ತಾರೆ, ನಾನು ಮಕ್ಕಳಿಗೆ ಖೆಡ್ಡಾ ಎಂದು ಹೇಳಿಕೊಡುತ್ತೇನೆ. 1848ರಲ್ಲಿ ಬರ್ಲಿನ್ನಿನಲ್ಲಿ ಮಾಯೆಟ್ ಎಂಬವನು ಹಾರ್ವಿಟ್ಜ್ ಎದುರು ಇದೇ ಖೆಡ್ಡಾಕ್ಕೆ ಬಿದ್ದಿದ್ದ. ಅಷ್ಟು ಹಳೆಯ ಗುಂಡಿ. ನನಗೆ ‘ವಜೀರ ಪ್ಯಾದೆ ಆಟದ ಯೋಜನೆಗಳು’ ಬಾಯಿಪಾಠ ಇದ್ದವು, ಗುಂಡಿಯನ್ನು ಮಾತ್ರ ಯಾರೂ ತೋರಿಸಿರಲಿಲ್ಲ.

ಹಲಗೆಯ ಹೊರಗೂ ಇದೇ ಕತೆ. ನಮ್ಮ ತಾಲೂಕಿನಲ್ಲಿ ದ್ರಾಕ್ಷಿ ಪಡ ಇದ್ದವರಿಗೆ ಇದು ಹೊಸದಲ್ಲ. ಏಪ್ರಿಲ್ಲಿನಲ್ಲಿ ಕಡ್ಡಿಗಾಗಿ ಒಂದು ಚಾಟ್ನಿ, ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಂದು. ವರ್ಷಪೂರ್ತಿ ಯೋಜನೆಯ ಬೆಳೆ ಅದು. ಒಂದು ವರ್ಷ ಅಕ್ಟೋಬರ್ ಚಾಟ್ನಿ ಆದ ಮೇಲೆ ಔಷಧ ಅಂಗಡಿಯವರು ಸಿಂಪರಣೆಯ ಪಟ್ಟಿ ಬರೆದುಕೊಟ್ಟರು. ಅಪ್ಪ ಅದನ್ನು ಪಂಪ್ ಮನೆಯ ಗೋಡೆಗೆ ಅಂಟಿಸಿದ. ನಡುವೆ ಒಂದು ರಾತ್ರಿ ಮಳೆ ಬಂತು, ಮರುದಿನವೂ ಮೋಡ ಕಟ್ಟಿತ್ತು. ಪಟ್ಟಿಯ ಪ್ರಕಾರ ಮುಂದಿನ ಸಿಂಪರಣೆಗೆ ಇನ್ನೂ ನಾಲ್ಕು ದಿನ. ಅಪ್ಪ ಪಟ್ಟಿ ನೋಡಿದ, ಎಲೆಯ ಹಿಂಬದಿ ನೋಡಲಿಲ್ಲ. ಡೌನಿ ರೋಗ ಗೊಂಚಲಿಗೆ ಇಳಿಯಿತು. ಅಂಗಡಿಯವರು ಹೇಳಿದ್ದು: “ಪಟ್ಟಿ ಬರೋಬ್ಬರಿ ಇತ್ತರೀ, ಮಳಿ ಬರಬಾರದಿತ್ತು.” ಮಳೆ ಎದುರಾಳಿಯ ನಡೆ. ಅದು ಬರುವುದೇ ಇಲ್ಲ ಎಂದುಕೊಂಡು ಬರೆದ ಪಟ್ಟಿ ಹೇಗೆ ಬರೋಬ್ಬರಿ ಆದೀತು?

ನನ್ನ ಮಾತಿಗೆ ಒಂದು ತಕರಾರು ಬರುತ್ತದೆ ಎಂದು ಗೊತ್ತು. ಹಾಗಾದರೆ ಯೋಜನೆಯೇ ಬೇಡವೇ? ಒಂದೊಂದೇ ನಡೆ ನೋಡುತ್ತ ಕೂತರೆ ಆಟ ಎಲ್ಲಿಗೂ ಹೋಗುವುದಿಲ್ಲವಲ್ಲ? ಸರಿ. ಯೋಜನೆ ಬೇಕು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಬ್ಲಾಂಕಾ ಮತ್ತು ಅಲೆಖಿನ್ ವಿಶ್ವ ಪಟ್ಟಕ್ಕೆ ಆಡಿದ 34 ಆಟಗಳಲ್ಲಿ 32 ಒಂದೇ ಬಗೆಯ ವಜೀರ ಪ್ಯಾದೆ ಆಟಗಳು. ಯೋಜನೆ ಇಬ್ಬರಿಗೂ ಗೊತ್ತಿದ್ದದ್ದೇ, ಒಂದೇ ಪುಸ್ತಕ ಓದಿದವರ ಹಾಗೆ ಆಡಿದರು. 25 ಆಟ ಡ್ರಾ ಆದವು. ಉಳಿದವುಗಳಲ್ಲಿ ಅಲೆಖಿನ್ ಆರು ಗೆದ್ದ, ಕಾಪಬ್ಲಾಂಕಾ ಮೂರು. ಯೋಜನೆ ಇಬ್ಬರಲ್ಲೂ ಇದ್ದಾಗ ಗೆಲುವನ್ನು ಒಬ್ಬರ ಕಡೆ ತಿರುಗಿಸುವುದು ಯೋಜನೆ ಇದೆಯೇ ಇಲ್ಲವೇ ಎಂಬುದಲ್ಲ, ಪ್ರತಿ ನಡೆಗೂ ಅದನ್ನು ಮತ್ತೆ ಪರೀಕ್ಷಿಸುವ ಕಣ್ಣು.

ಇನ್ನು ‘ಹಳ್ಳಿಯವರಿಗೆ ಪ್ಲ್ಯಾನಿಂಗ್ ಬರುವುದಿಲ್ಲ’ ಎನ್ನುವ ಮಾತು. ಇದಕ್ಕೆ ಉತ್ತರ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸಿಕ್ಕಿದೆ. ಪಂಜಾಬಿನ ಹಳ್ಳಿಯ ಮೀರ್ ಸುಲ್ತಾನ್ ಖಾನ್ ದೇಸಿ ನಿಯಮದ ಚದುರಂಗ ಕಲಿತು ಬೆಳೆದವನು. ಆ ಆಟದಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ, ಅಂದರೆ ಒಂದೇ ನೆಗೆತಕ್ಕೆ ಡಿ4 ಮುಟ್ಟಲು ಆಗುವುದೇ ಇಲ್ಲ. ನವಾಬ ಉಮರ್ ಹಯಾತ್ ಖಾನ್ ಜೊತೆಗೆ ಇಂಗ್ಲೆಂಡಿಗೆ ಹೋದ ಈತ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. 1930-31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಬಿಳಿ ಕಾಯಿ ಹಿಡಿದು, ವಜೀರ ಪ್ಯಾದೆಯ ನಿಧಾನದ ಆಟ ಆಡಿ, 65 ನಡೆಗಳಲ್ಲಿ ಕಾಪಬ್ಲಾಂಕಾನನ್ನು ಸೋಲಿಸಿದ. ಮಾಜಿ ವಿಶ್ವ ಚಾಂಪಿಯನ್‌ನನ್ನು ಹಳ್ಳಿಯವನೊಬ್ಬ ಯೋಜನೆಯ ಆಟದಲ್ಲೇ ಸೋಲಿಸಿದ್ದು. ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಕ್ಕದ್ದು 2024ರಲ್ಲಿ, ಸತ್ತು ಅರ್ಧ ಶತಮಾನ ಕಳೆದ ಮೇಲೆ. ಹಳ್ಳಿಯವರ ಬುದ್ಧಿಯನ್ನು ಒಪ್ಪಿಕೊಳ್ಳಲು ಲೋಕಕ್ಕೆ ಅಷ್ಟು ಹೊತ್ತು ಬೇಕಾಯಿತು.

ಹಳ್ಳಿಯ ಮಕ್ಕಳಿಗೆ ಕೊರತೆ ಇರುವುದು ಆಟಗಳದು, ಟೂರ್ನಿಗಳದು. ನಮ್ಮಲ್ಲಿ ಜತ್ತ, ಮಿರಜ್ ದಾಟಿದರೆ ಸಾಂಗಲಿ. ಅಲ್ಲಿ ಭಾವೂಸಾಹೇಬ ಪಡಸಲಗೀಕರ ಅವರು ನೂತನ ಬುದ್ಧಿಬಳ ಮಂಡಳದ ಮೂಲಕ ವರ್ಷ ವರ್ಷವೂ ಬೇಸಿಗೆಯಲ್ಲಿ ಟೂರ್ನಿ ನಡೆಸಿದರು. ಆ ಊರಿನಿಂದ ಸ್ವಾತಿ ಘಾಟೆಯವರಂಥ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಬಂದರು. ಸಾಂಗಲಿಯ ನೀರಿನಲ್ಲಿ ಯೋಜನೆ ಬೆರೆತಿರಲಿಲ್ಲ, ಸೋಲಲು ಸಾಕಷ್ಟು ಅವಕಾಶ ಇತ್ತು. ಇತ್ತ ನಮ್ಮ ರಾಜ್ಯ ನೋಡಿ. ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜಕುಮಾರ್, ಸಿಕ್ಕದ್ದು 2017ರಲ್ಲಿ. ಅದೇ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಂದು ಮನೆಯನ್ನೂ ಬಿಡದೆ, ಒಂದು ಮನೆಯನ್ನೂ ಎರಡು ಸಲ ಮುಟ್ಟದೆ, ಹಲಗೆಯ ತುಂಬ ಕುದುರೆ ನಡೆಸುವ ಬಂಧಗಳನ್ನು ರಚಿಸಿದ್ದರು. ಆ ಅರಸರಿಗೆ ಗೊತ್ತಿತ್ತು: ಕುದುರೆ ಒಂದು ಮನೆಗೆ ಹೋಯಿತೆಂದರೆ ಬಿಟ್ಟುಬಂದ ಮನೆಯ ಲೆಕ್ಕವನ್ನೂ ಇಡಬೇಕು.

ತರಬೇತಿಯವರು ಯೋಜನೆಯನ್ನೇ ಯಾಕೆ ಮಾರುತ್ತಾರೆ? ಅದನ್ನು ಮಾರುವುದು ಸುಲಭ. ಹತ್ತು ನಡೆಯ ಪಟ್ಟಿಯನ್ನು ಒಂದು ತಿಂಗಳಲ್ಲಿ ಮುಗಿಸಬಹುದು, ಪ್ರಮಾಣಪತ್ರ ಕೊಡಬಹುದು. ‘ಈಗ ನಿನ್ನ ಎದುರಿನವನು ಏನು ಮಾಡಬಲ್ಲ?’ ಎಂದು ಪ್ರತಿ ನಡೆಗೂ ಕೇಳುವ ಅಭ್ಯಾಸಕ್ಕೆ ವರ್ಷಗಳು ಬೇಕು, ಮಗುವಿನ ಪಕ್ಕ ಕೂತು ಅದು ಸೋತ ಆಟಗಳನ್ನು ನೋಡುವ ತಾಳ್ಮೆ ಬೇಕು. ಬರೆಯುವ ನಮ್ಮ ಗೆಳೆಯರಲ್ಲೂ ಇದೇ ಚಟ ಇದೆ. ಒಂದು ಚಳವಳಿ ಸೋತಾಗ, ಒಂದು ಪತ್ರಿಕೆ ನಿಂತಾಗ, ‘ಆಶಯ ದೊಡ್ಡದಿತ್ತು’ ಎಂದು ಬರೆದು ಮುಗಿಸುತ್ತೇವೆ. ಯಾವ ದಿನ, ಯಾವ ನಿರ್ಧಾರಕ್ಕೆ, ಯಾವ ಕಾವಲು ಖಾಲಿಯಾಯಿತು ಎಂದು ಬರೆಯುವುದಿಲ್ಲ. ಬರೆದರೆ ನಮ್ಮ ಹೆಸರೂ ಬರುತ್ತದೆ.

ಟೂರ್ನಿಯಿಂದ ಬಂದ ಮೇಲೆ ಆ ಹುಡುಗಿ ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಬಂದಳು, ಕೈಯಲ್ಲಿ ಅದೇ ಹಾಳೆ.

“ಸರ, ನನಗ ಖರೇನ ಪ್ಲ್ಯಾನ್ ಮಾಡಾಕ ಬರೂದಿಲ್ಲೇನ್ರಿ?”

“ಬರ್ತದವ್ವಾ. ನಿನ್ನ ಪ್ಲ್ಯಾನ್ ಯಾವ ಕಾಯಿನ ಎಲ್ಲಿಂದ ತಗೀತು, ಅದನ್ನ ತೋರಸು.”

ಅವಳು ಕಾಯಿಗಳನ್ನು ಜೋಡಿಸಿದಳು. ಬಹಳ ಹೊತ್ತು ನೋಡಿ, ಎಫ್3 ಖಾಲಿ ಮನೆಯ ಮೇಲೆ ಬೆರಳಿಟ್ಟಳು. ಆಮೇಲೆ ಹಾಳೆಯಲ್ಲಿ ಕುದುರೆ ಬಿ3 ಎಂದಿದ್ದ ಸಾಲಿನ ಪಕ್ಕ ‘ಕಾವಲು ಹೋತು’ ಎಂದು ಪೆನ್ಸಿಲಿನಲ್ಲಿ ಬರೆದಳು. ಆ ದಿನದಿಂದ ನಮ್ಮ ಪಡಸಾಲೆಯಲ್ಲಿ ಒಂದು ನಿಯಮ ಇದೆ. ಸೋತ ಆಟದ ಬಗ್ಗೆ ‘ಪ್ಲ್ಯಾನ್ ಛಲೋ ಇತ್ತು’ ಎಂದು ಯಾರೂ ಹೇಳುವ ಹಾಗಿಲ್ಲ, ನಾನೂ ಸೇರಿ. ಕಾವಲು ಹೋದ ನಡೆಯನ್ನು ತೋರಿಸಬೇಕು. ಅದನ್ನು ತೋರಿಸಿದ ಮೇಲೆ ಮುಂದಿನ ಆಟಕ್ಕೆ ಕಾಯಿ ಜೋಡಿಸಬೇಕು.